ಒಂದೇ ಬಾಗಿಲಿನ ಗೋಡೆ

ದೇಹವನ್ನು ಒಂಬತ್ತು ಬಾಗಿಲುಗಳ ಪಟ್ಟಣವೆಂದು ಹಿಂದಿನವರು ಕರೆದರು. ಆ ಪಟ್ಟಣದ ಮನೆಗಳಾದ ಜೀವಕೋಶಗಳಲ್ಲಿ ಒಂದೊಂದಕ್ಕೂ ಸಾವಿರಾರು ಬಾಗಿಲುಗಳುಂಟೆಂಬುದು ಈಚಿನವರು ಕಂಡ ಸಂಗತಿ. ಗೋಡೆಯಾದರೋ ಅತ್ಯಂತ ತೆಳುವಾದುದು. ಮೇದಸ್ಸಿನ ಎರಡು ಅಣುಗಳನ್ನು ಬಾಲಕ್ಕೆ ಬಾಲ ತಾಗಿಸಿ ನಿಲ್ಲಿಸಿದಷ್ಟೇ ಅದರ ದಪ್ಪ. ಮಿಲಿಮೀಟರೊಂದನ್ನು ಹತ್ತು ಲಕ್ಷ ಭಾಗ ಮಾಡಿದರೆ ದೊರೆಯುವ ನ್ಯಾನೋಮೀಟರಿನ ಲೆಕ್ಕದಲ್ಲಿ ಅದು ಸುಮಾರು 5.

ಇಂತಹ ಗೋಡೆಯನ್ನು 1962ರಲ್ಲಿ ಅಮೆರಿಕದ ಮ್ಯುಲ್ಲರ್, ರುಡಿನ್ ಮೊದಲಾದವರು ಕೃತಕವಾಗಿ ಕಟ್ಟಿ ತೋರಿಸಿದರು. ಉಪಾಯವು ಮಕ್ಕಳಾಟದಂತಿತ್ತು. ಉಪ್ಪುನೀರಿನ ಎರಡು ಕೊಠಡಿಗಳ ನಡುವಣ ತಡಿಕೆಯಲ್ಲಿ ಒಂದು ರಂಧ್ರ. ಅದಕ್ಕೆ ದನದ ಮೆದುಳಿನಿಂದ ತೆಗೆದ ಮೇದಸ್ಸನ್ನು ಕುಂಚದಿಂದ ಬಳಿಯುವುದು. ಪೊರೆಯು ಸಾಬೂನಿನ ಗುಳ್ಳೆಯಂತೆ ಬಣ್ಣಬಣ್ಣವಾಗಿ ಮಿನುಗಿ, ತೆಳುವಾಗುತ್ತ ಬಂದು ಕಡೆಗೆ ಕಪ್ಪಾಗುವುದು. ಕಪ್ಪಾದರೆ ಗೋಡೆ ಸಿದ್ಧವಾಯಿತೆಂದರ್ಥ. ಗುಳ್ಳೆಯು ಒಡೆಯುವ ಮುನ್ನ ಅದರ ನೆತ್ತಿಯಲ್ಲಿ ಕರಿಯ ಮಚ್ಚೆ ಮೂಡುವುದನ್ನು ಯಾವ ಮಗು ಕಂಡಿಲ್ಲ! ಕಂಡು ಏಕೆಂದು ಕೇಳುವವರು ಮಾತ್ರ ವಿರಳ.

ಈ ಗೋಡೆಯನ್ನು ವಿದ್ಯುತ್ತು ದಾಟಲಾರದು. ದಾಟಬೇಕಾದರೆ ಬಾಗಿಲು ಬೇಕು. ಆ ಬಾಗಿಲು ದೊರೆತುದು ಸಜ್ಜನರ ಮನೆಯಿಂದಲ್ಲ. ಹುಣ್ಣುಗಳಲ್ಲಿ ಕೀವು ಕಟ್ಟಿಸುವ ಸ್ಟಾಫಿಲೊಕಾಕಸ್ ಎಂಬ ರೋಗಾಣುವು ಒಂದು ವಿಷವನ್ನು ಸ್ರವಿಸುವುದು. ಅದರ ಏಳು ತುಣುಕುಗಳು ರಕ್ತಕಣದ ಗೋಡೆಯ ಮೇಲೆ ಉಂಗುರವಾಗಿ ಕೂಡಿ ಕನ್ನ ಕೊರೆಯಲು, ಕಣವು ಸೋರಿ ಒಡೆಯುವುದು. ಈ ಕಳ್ಳಗಿಂಡಿಯ ಅತಿ ಕಿರಿದಾದ ಸ್ಥಳವು ಒಂದೂವರೆ ನ್ಯಾನೋಮೀಟರಿಗಿಂತಲೂ ಕಡಿಮೆ. ಡಿಎನ್‌ಎಯ ಒಂಟಿ ಎಳೆಯೊಂದು ನುಸುಳಲು ಸರಿಯಾದ ಅಳತೆ!

ಅಂತಹ ಗಿಂಡಿಯಲ್ಲಿ ಎಳೆಯನ್ನು ಹಾಯಿಸಿದರೆ, ಅದರ ನಾಲ್ಕು ಅಕ್ಷರಗಳೂ ವಿದ್ಯುತ್ಪ್ರವಾಹವನ್ನು ಬೇರೆಬೇರೆಯಾಗಿ ತಡೆಯಬೇಕಷ್ಟೆ ಎಂಬ ಯೋಚನೆಯು ಕ್ಯಾಲಿಫೋರ್ನಿಯದ ಡೇವಿಡ್ ಡೀಮರ್ ಅವರಿಗೆ 1989ರಲ್ಲಿ ಹೊಳೆಯಿತು. 1996ರಲ್ಲಿ ಅವರೂ ಸಂಗಡಿಗರೂ ಕೃತಕ ಪೊರೆಯಲ್ಲಿ ಆ ವಿಷವನ್ನೇ ನೆಟ್ಟು, ಎಳೆಯು ಹಾದುಹೋಗುವುದನ್ನು ಪ್ರಕಟಿಸಿದರು. ಆದರೆ ಅದು ಅಕ್ಷರ ಹಿಡಿಯಲಾಗದಷ್ಟು ವೇಗವಾಗಿ ಓಡುತ್ತಿತ್ತು. ಮೇಷ್ಟರಿಗೆ ಹೆದರಿ ಪಾಠ ಒಪ್ಪಿಸುವ ಹುಡುಗನಂತೆ. ಕಿಣ್ವವೊಂದನ್ನು ಕಡಿವಾಣವಾಗಿ ತೊಡಿಸಿ ಅದನ್ನು ನಿಧಾನಗೊಳಿಸಲು ಬಹುವರ್ಷ ಹಿಡಿಯಿತು.

2015ರಲ್ಲಿ ಆಫ್ರಿಕದ ಗಿನಿ ದೇಶದಲ್ಲಿ ಎಬೋಲಾ ಮಾರಿಯು ಹರಡಿರಲು, ಈ ತತ್ತ್ವದಿಂದಲೇ ಮಾಡಿದ, 100 ಗ್ರಾಂ ಸಹ ತೂಗದ ಯಂತ್ರಗಳನ್ನು ವಿದ್ವಾಂಸರು ಪ್ರಯಾಣದ ಪೆಟ್ಟಿಗೆಗಳಲ್ಲಿಟ್ಟು ಅಲ್ಲಿಗೆ ಒಯ್ದರು. 142 ಮಾದರಿಗಳನ್ನು ಓದಿದರು. ಕೆಲವಕ್ಕೆ ಉತ್ತರವು ಒಂದು ದಿನದೊಳಗೆ ಬಂದಿತು. ರೋಗಾಣುವಿನ ಬರಹದಲ್ಲಿನ ಅಕ್ಷರಭೇದಗಳನ್ನು ಹೋಲಿಸಿ, ಹೊಸ ರೋಗಿಯ ಸೋಂಕು ಯಾವ ಸರಣಿಗೆ ಸೇರಿದುದೆಂದು ಹೇಳುವುದು ಸಾಧ್ಯವಾಯಿತು. ರೋಗಿಯ ಕಡೆಯವರು ಭಯದಿಂದ ಬಾಯಿ ಬಿಡದಿದ್ದಾಗಲೂ ಆ ಎಳೆಯು ಗಿಂಡಿಯಲ್ಲಿ ಅಕ್ಷರಕ್ಕಕ್ಷರವಾಗಿ ತಾನು ಬಂದ ದಾರಿಯನ್ನು ಹೇಳುತ್ತಿತ್ತು.