ಉಣಕಲ್ಲಿನಿಂದ ಕಾಡಂಚಿಗೆ

ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಉಣಕಲ್ ಕೆರೆ ಕಂಡರೆ ಸಾಕು, ಬಸ್ಸಿನಲ್ಲಿ ಕುಳಿತವರ ಕಣ್ಣು ತಾನಾಗಿ ನೀರಿನತ್ತ ಹೊರಳುತ್ತದೆ. ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ, ದಂಡೆಯ ಮೇಲೆ ಗಾಳಿ ಸೇವನೆಗೆ ಬಂದವರು. ಊರೊಳಗೆ ನಾಲ್ಕು ದಿಕ್ಕಿಗೂ ಬಾಗಿಲಿರುವ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ. ಕಲ್ಯಾಣದಿಂದ ಉಳವಿಯ ಕಾಡಿಗೆ ಹೊರಟ ಚನ್ನಬಸವಣ್ಣನವರು ಇಲ್ಲಿ ತಂಗಿದ್ದರೆಂಬುದು ಜನರ ನಂಬಿಕೆ.

ಅಂದು ಶರಣರು ಕಾಡಿನತ್ತ ನಡೆದರು. ಇಂದು ಕಾಡಂಚಿನ ಜನ ಇತ್ತ ಬರುತ್ತಾರೆ. ಉಣಕಲ್ಲಿನಿಂದ ಹುಬ್ಬಳ್ಳಿಯ ಕಡೆಗೆ ತುಸು ದೂರದಲ್ಲಿ, ವಿದ್ಯಾನಗರದಲ್ಲಿ, 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ಇದೆ. ಜನರ ಬಾಯಲ್ಲಿ ಅದು ಕಿಮ್ಸ್. ಸುತ್ತಲಿನ ಜಿಲ್ಲೆಗಳ ಬಡವರಿಗೆ ಕಷ್ಟದ ಹೆರಿಗೆ ಎಂದರೆ ಅದೇ ಭರವಸೆ. ಆದರೆ ಬಸುರಿ ಅದರ ಬಾಗಿಲು ಮುಟ್ಟುವ ಮೊದಲೇ ಅರ್ಧ ಕೆಲಸ ಹಳ್ಳಿಯಲ್ಲಿ ಮುಗಿದಿರಬೇಕು. ಅದನ್ನು ಮಾಡುವವಳು ಆಶಾ ಕಾರ್ಯಕರ್ತೆ.

ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದರೆ ಸುಮಾರು 30 ಕಿ.ಮೀ.ಗೆ ಕಲಘಟಗಿ, ಅರಗಿನ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಅದರಾಚೆ ಹೊಲ ಸರಿದು ಕಾಡು ಶುರುವಾಗುತ್ತದೆ. ಇಲ್ಲಿಯೂ, ಮುಂದೆ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿಯೂ ಸಿದ್ದಿಗಳ ಮನೆಗಳಿವೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು ಇವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು.

2005ರ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನರಿಗೆ ಒಬ್ಬ ಆಶಾ ಎಂದು ಲೆಕ್ಕ ಹಾಕಿತು. ಗುಡ್ಡಗಾಡು, ಬುಡಕಟ್ಟು ವಸತಿಗಳಿಗೆ ಅದನ್ನು ಸಡಿಲಿಸಿತು. ಲೆಕ್ಕ ಸಡಿಲಾದರೂ ದಾರಿ ಕಿರಿದಾಗಲಿಲ್ಲ. ಮನೆಯಿಂದ ಮನೆಗೇ ದೂರ. ಮನೆಮಾತು ಕೊಂಕಣಿ, ತಾಯಿ ಕಾರ್ಡಿನದು ಕನ್ನಡ. ಕೂಲಿಗೆ ಹೋದವರ ಬಾಗಿಲಿಗೆ ಬೀಗ. ಮೊಬೈಲಿನಲ್ಲಿ ವಿವರ ತುಂಬಬೇಕೆಂದರೆ ಸಿಗ್ನಲ್ ಹುಡುಕಿ ದಿಬ್ಬ ಹತ್ತಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಆಕೆ ನೋಡಬೇಕು. ಕೂಸಿನ ತೂಕ, ಮೈಬಿಸಿ, ಹೊಕ್ಕುಳು. ಬಾಣಂತಿಯ ಜ್ವರ, ರಕ್ತಸ್ರಾವ. ಆರೂ ಭೇಟಿಗೆ ಸೇರಿ ಗೊತ್ತುಪಡಿಸಿದ ಪ್ರೋತ್ಸಾಹಧನ 250 ರೂಪಾಯಿ. ಮಳೆಗಾಲದಲ್ಲಿ ಹಳ್ಳ ತುಂಬಿ ಏಳನೇ ದಿನದ ಭೇಟಿ ತಪ್ಪಿದರೆ, ಕೂಸು ಹಾಲು ಕುಡಿಯುವುದನ್ನು ಬಿಟ್ಟ ಸುದ್ದಿ ತಡವಾಗಿ ಹೊರಬೀಳುತ್ತದೆ. ಹಸುಗೂಸಿಗೆ ಒಂದು ದಿನದ ತಡವೂ ದೊಡ್ಡದು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಗೌರವಧನಕ್ಕಾಗಿ ಧರಣಿ ಕುಳಿತರು. ಕಾಗದದಲ್ಲಿ ಅವರು ಸ್ವಯಂಸೇವಕಿಯರು, ನೌಕರರಲ್ಲ.

ಕಲಘಟಗಿಯ ಚಿತ್ತಾರದ ತೊಟ್ಟಿಲು ದೂರದ ಊರುಗಳಿಗೆ ಹೋಗುತ್ತದೆ. ಕಾಡಂಚಿನ ಕೂಸು ಮಲಗುವುದು ಹಳೆಯ ಬಟ್ಟೆಯ ತುಂಡು ಕೂಡಿಸಿ ಸಿದ್ದಿ ಹೆಂಗಸರು ಹೊಲಿದ ಕೌದಿಯ ಮೇಲೆ. 42ನೇ ದಿನ ಆ ಕೌದಿಯ ಪಕ್ಕ ಕುಳಿತು, ಕೂಸಿನ ತೂಕ ಬರೆದುಕೊಂಡು, ಆಶಾ ಮುಂದಿನ ಮನೆಯ ದಾರಿ ಹಿಡಿಯುತ್ತಾಳೆ.