ಆಟದ ಅಂಗಳದಲ್ಲಿ ಉತ್ತಮಾಂಗದ ವಸ್ತ್ರ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಶ್ರೀಮಠದ ಪ್ರೌಢಶಾಲೆಯ ದೈಹಿಕ ಶಿಕ್ಷಕರು ನಮ್ಮ ಬಳಿಗೆ ಒಂದು ಪ್ರಶ್ನೆಯನ್ನು ತಂದರು. ಅದು ಸಣ್ಣ ಪ್ರಶ್ನೆಯೆಂದೇ ಆಗ ನಾವು ಎಣಿಸಿದೆವು. ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಬಾಲಕಿಯರ ರಿಲೇ ಓಟದ ತಂಡ ಸಿದ್ಧವಾಗಿತ್ತು. ನಾಲ್ವರಲ್ಲಿ ಎಲ್ಲರಿಗಿಂತಲೂ ವೇಗವಾಗಿ ಓಡುವವಳು ಒಬ್ಬ ಮುಸಲ್ಮಾನ ಬಾಲಕಿ. ಅವಳು ತಲೆಗೆ ವಸ್ತ್ರ ಕಟ್ಟಿಕೊಂಡೇ ಓಡುತ್ತಿದ್ದಳು. "ಅಜ್ಜಾರ, ಅಲ್ಲಿ ಯಾರರ ತಕರಾರು ತಗದ್ರ ಏನ್ ಮಾಡೂದ್ರಿ?" ಎಂದು ಶಿಕ್ಷಕರು ಕೇಳಿದರು. ಕಾಗದಪತ್ರಗಳ ನಡುವೆ ಕುಳಿತಿದ್ದ ನಾವು ತಲೆ ಎತ್ತದೆಯೇ, "ನಿಯಮ ಎಲ್ಲರಿಗೂ ಒಂದೇ. ವಸ್ತ್ರ ತೆಗೆದಿಟ್ಟು ಓಡಲಿ" ಎಂದುಬಿಟ್ಟೆವು. ಮರುದಿನದಿಂದ ಆ ಹುಡುಗಿ ಮೈದಾನಕ್ಕೆ ಬರಲಿಲ್ಲ. ಅವಳ ಸ್ಥಾನದಲ್ಲಿ ಮತ್ತೊಬ್ಬಳು ಓಡಿದಳು. ಯಾರೂ ಆಕ್ಷೇಪಿಸಲಿಲ್ಲ, ಅವಳ ತಂದೆಯೂ ಬಂದು ಏನನ್ನೂ ಕೇಳಲಿಲ್ಲ.

ಆ ಮಾತನ್ನು ಆಡುವಾಗ ನಮ್ಮ ತಲೆಯ ಮೇಲೆಯೇ ಕಾವಿಯ ರುಮಾಲು ಇದ್ದಿತೆಂಬುದು ನಮಗೆ ಹೊಳೆಯಲಿಲ್ಲ. ಹೊಳೆದದ್ದು ಕ್ರೀಡಾಕೂಟವೆಲ್ಲ ಮುಗಿದ ಮೇಲೆ, ಒಂದು ಪ್ರಾತಃಕಾಲ ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿಕೊಂಡ ಹೊತ್ತಿನಲ್ಲಿ. ಅದರೊಡನೆ ಪೂರ್ವಾಶ್ರಮದ ಒಂದು ಪ್ರಸಂಗವೂ ನೆನಪಿಗೆ ಬಂದು, ಅಂದಿನ ಪೂಜೆಯಲ್ಲಿ ಮನಸ್ಸು ನಿಲ್ಲದಾಯಿತು.

1985ರ ಸುಮಾರಿನ ಮಾತು. ನಾವು ಆಗ ಪ್ರೌಢಶಾಲೆಯ ವಿದ್ಯಾರ್ಥಿ. ಕಬಡ್ಡಿಯಲ್ಲಿ ಸ್ವಲ್ಪ ಹೆಸರು ಮಾಡಿದ್ದ ಹುಡುಗ. ಪರಸ್ಥಳದ ಪಂದ್ಯವೊಂದರಲ್ಲಿ ಆಟಗಾರರನ್ನು ಪರೀಕ್ಷಿಸುತ್ತ ಬಂದ ತೀರ್ಪುಗಾರರು ನಮ್ಮ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಕಂಡು, "ಇದನ್ನು ತೆಗೆದಿಟ್ಟು ಬಾ" ಎಂದರು. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಾವು ಒಪ್ಪಲಿಲ್ಲ. ಅಂಗಳದ ಹೊರಗೆ ಕುಳಿತೆವು. ನಮ್ಮ ತಂಡ ಸೋತಿತು. ಹಿಂದಿರುಗುವ ದಾರಿಯುದ್ದಕ್ಕೂ ಗೆಳೆಯರು ಮಾತನಾಡಲಿಲ್ಲ.

ಊರಿಗೆ ಬಂದವರೇ ನೇರವಾಗಿ ಮಠಕ್ಕೆ ಹೋಗಿ, ಹಿರಿಯ ಗುರುಗಳ ಮುಂದೆ ನಡೆದುದನ್ನೆಲ್ಲ ನಿವೇದಿಸಿದೆವು. ಅವರು ನಮ್ಮ ನಿಷ್ಠೆಯನ್ನು ಮೆಚ್ಚಿ ತಲೆ ಸವರುವರೆಂಬ ನಿರೀಕ್ಷೆ ಮನಸ್ಸಿನಲ್ಲಿತ್ತು. ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಯಾಕ ಬ್ಯಾಡ ಅಂದ್ರು, ಕೇಳಿದ್ಯಾ?" ನಾವು ಕೇಳಿರಲಿಲ್ಲ. ಗುರುಗಳು ನಕ್ಕರು. "ತಮ್ಮಾ, ಅವರು ಬ್ಯಾಡ ಅಂದದ್ದು ಕರಡಿಗೀನ. ಲಿಂಗಾನ ಅಲ್ಲ." ಬಳಿಕ ಕರಡಿಗೆಯ ಅಂಚನ್ನು ನಮ್ಮ ಮುಂಗೈಗೆ ಒತ್ತಿ, ಹಿಡಿತದ ಭರದಲ್ಲಿ ಇದು ಎದುರಾಳಿಯ ಹಲ್ಲಿಗೋ ಕಣ್ಣಿಗೋ ತಗುಲಿದರೆ ಗತಿಯೇನೆಂದು ತೋರಿಸಿದರು. ಕಂಠ, ಉರಸ್ಸು, ಕಕ್ಷೆ, ಉತ್ತಮಾಂಗ ಇವೆಲ್ಲವೂ ಲಿಂಗಧಾರಣೆಗೆ ಹಿರಿಯರು ಹೇಳಿದ ಸ್ಥಾನಗಳೇ ಎಂದು ತಿಳಿಸಿ, ಲಿಂಗವನ್ನು ಮೆತ್ತನೆಯ ವಸ್ತ್ರದಲ್ಲಿ ಹಲವು ಮಡಿಕೆ ಸುತ್ತಿ, ಕಕ್ಷೆಯಲ್ಲಿ ಅಗಲವಾದ ಪಟ್ಟಿಯಿಂದ ಬಿಗಿದು ಕಟ್ಟುವುದನ್ನು ತಾವೇ ಕಲಿಸಿದರು. ಮುಂದಿನ ಪಂದ್ಯದಲ್ಲಿ ತೀರ್ಪುಗಾರರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತಲೆದೂಗಿ ಒಳಗೆ ಬಿಟ್ಟರು.

ಇಂಥ ಗುರುವಿನ ಕೈಯಲ್ಲಿ ಬೆಳೆದವರು ಒಂದು ಹೆಣ್ಣುಮಗುವಿನ ವಿಷಯದಲ್ಲಿ ಅವರ ಆ ಪ್ರಶ್ನೆಯನ್ನೇ ಮರೆತೆವಲ್ಲ! "ನಿಯಮ ಎಲ್ಲರಿಗೂ ಒಂದೇ" ಎಂದ ನಾವು ನಿಯಮವನ್ನು ಓದಿರಲೇ ಇಲ್ಲ. ತಡವಾಗಿ ತರಿಸಿ ಓದಿದೆವು. ಓಟದ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮವು ಉಡುಪಿನ ಬಗೆಗೆ ಕೇಳುವುದು ಇಷ್ಟೇ: ಅದು ಸ್ವಚ್ಛವಾಗಿರಬೇಕು, ಆಕ್ಷೇಪಾರ್ಹವಾಗಿರಬಾರದು, ನೆನೆದರೂ ಪಾರದರ್ಶಕವಾಗಬಾರದು. ತಲೆಯನ್ನು ಮುಚ್ಚಬಾರದೆಂದು ಅದರಲ್ಲಿ ಎಲ್ಲಿಯೂ ಇಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಬಹರೈನ್ ದೇಶದ ರುಕಯಾ ಅಲ್ ಘಸ್ರಾ ಎಂಬ ತರುಣಿ ತಲೆ ಮುಚ್ಚಿಕೊಂಡೇ ಓಡಿ 200 ಮೀಟರ್ ಓಟದಲ್ಲಿ ಸ್ವರ್ಣಪದಕ ಗೆದ್ದಿದ್ದಳು. ಏಷ್ಯಾಖಂಡದ ಕೂಟದಲ್ಲಿ ಅಡ್ಡಿಯಾಗದ ವಸ್ತ್ರ ನಮ್ಮ ತಾಲೂಕಿನ ಕೂಟಕ್ಕೆ ಅಡ್ಡಿಯಾಯಿತು. ಅಡ್ಡಿಯಾದ ನಿಯಮವನ್ನು ಬರೆದವರು ಬೇರೆ ಯಾರೂ ಅಲ್ಲ, ನಾವೇ.

ಅಂದಿನಿಂದ ಈ ವಿಷಯವಾಗಿ ಸಿಕ್ಕುದನ್ನೆಲ್ಲ ಓದುತ್ತ ಬಂದಿದ್ದೇವೆ. ಆಟದಲ್ಲಿ ಧರ್ಮದ ವಸ್ತ್ರವು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಕೂದಲೆಳೆಯಷ್ಟರಲ್ಲಿ ಪದಕ ತಪ್ಪಿ ನಾಲ್ಕನೆಯವರಾದ ಮಿಲ್ಖಾ ಸಿಂಗರ ತಲೆಯ ಮೇಲೆ ವಸ್ತ್ರ ಸುತ್ತಿದ ಜುಟ್ಟಿತ್ತು. ಬಿಷನ್ ಸಿಂಗ್ ಬೇಡಿಯವರು ಬಣ್ಣಬಣ್ಣದ ಪಟ್ಕಾ ಕಟ್ಟಿಕೊಂಡು ಟೆಸ್ಟ್ ಪಂದ್ಯಗಳಲ್ಲಿ 266 ವಿಕೆಟ್ ಪಡೆದರು. ಆ ಪಟ್ಕಾ ಚೆಂಡಿನ ತಿರುವಿಗೆ ನೆರವಾಯಿತೆಂದು ಯಾವ ಎದುರಾಳಿಯೂ ದೂರಲಿಲ್ಲ.

ಆದರೆ ಮೈಗೆ ಮೈ ತಾಗುವ ಆಟಗಳಲ್ಲಿ ಈ ಪ್ರಶ್ನೆ ಜಟಿಲವಾಯಿತು. 2011ರ ಜೂನ್ ತಿಂಗಳಲ್ಲಿ ಜೋರ್ಡಾನ್ ದೇಶದ ಅಮ್ಮಾನ್ ನಗರದಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡವನ್ನು ಶಿರೋವಸ್ತ್ರದ ಕಾರಣದಿಂದ ಒಲಿಂಪಿಕ್ ಅರ್ಹತಾ ಪಂದ್ಯದಿಂದ ಹೊರಗಿಟ್ಟರು. ಕತ್ತಿನ ಸುತ್ತಿನ ಬಟ್ಟೆ ಸೆಳೆತದಲ್ಲಿ ಉರುಳಾದೀತೆಂಬುದು ಆಗಿನ ಮುಖ್ಯ ಆತಂಕ. ಅದು ಪೊಳ್ಳು ಆತಂಕವಲ್ಲ. ನಮ್ಮ ಕರಡಿಗೆಯನ್ನು ಕುರಿತ ತೀರ್ಪುಗಾರರ ಆತಂಕದಂಥದೇ. ಪರಿಹಾರವೂ ಹಿರಿಯ ಗುರುಗಳು ಕಂಡಂಥದೇ ಆಯಿತು. 2012ರಲ್ಲಿ ಪ್ರಯೋಗಕ್ಕೆ ಒಪ್ಪಿ, 2014ರ ಮಾರ್ಚ್ ತಿಂಗಳಲ್ಲಿ ನಿಯಮವನ್ನೇ ತಿದ್ದಿದರು. ತಲೆಯ ವಸ್ತ್ರ ಕಪ್ಪಾಗಿರಬೇಕು ಅಥವಾ ಅಂಗಿಯ ಮುಖ್ಯ ಬಣ್ಣದ್ದಾಗಿರಬೇಕು, ಅಂಗಿಗೆ ಜೋಡಿಸಿರಬಾರದು, ಕತ್ತಿನ ಬಳಿ ಬಿಚ್ಚಿ ಹಾಕುವ ಅಪಾಯದ ಕೊಂಡಿ ಇರಬಾರದು, ಯಾವ ಭಾಗವೂ ಹೊರಚಾಚಿರಬಾರದು. ಆಭರಣವನ್ನು ಮಾತ್ರ ಪಟ್ಟಿ ಸುತ್ತಿ ಮರೆಮಾಡಿದರೂ ಬಿಡುವುದಿಲ್ಲ. ಅಲ್ಲಿಯೂ ಬೇಡವೆಂದದ್ದು ಲೋಹವನ್ನು, ನಿಷ್ಠೆಯನ್ನಲ್ಲ. ಇದೇ ತಿದ್ದುಪಡಿಯಿಂದ ಸಿಖ್ಖರ ಪಟ್ಕಾಕ್ಕೂ ದಾರಿಯಾಯಿತು.

ಬಾಸ್ಕೆಟ್‌ಬಾಲ್ ಆಟವನ್ನು ಆಳುವವರು ಇನ್ನೂ ಮೂರು ವರ್ಷ ತಡಮಾಡಿದರು. 2014ರಲ್ಲಿ ಚೀನಾದ ವುಹಾನ್ ನಗರದಲ್ಲಿ ನಮ್ಮ ದೇಶದ ಇಬ್ಬರು ಸಿಖ್ ಆಟಗಾರರಿಗೆ ಪಟ್ಕಾ ಬಿಚ್ಚಿ ಆಡುವಂತೆ ಹೇಳಲಾಯಿತು. ಅದೇ ವರ್ಷ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರಿನ ಮಹಿಳೆಯರು ಶಿರೋವಸ್ತ್ರ ತೆಗೆಯಲೊಪ್ಪದೆ ಮಂಗೋಲಿಯದ ಎದುರಿನ ಪಂದ್ಯವನ್ನೇ ಬಿಟ್ಟುಕೊಟ್ಟರು. 2017ರಲ್ಲಿ ಆ ನಿಷೇಧವೂ ತೊಲಗಿತು. 2023ರ ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆನ್‌ಜಿನಾ ಹಿಜಾಬ್ ಧರಿಸಿ ಆಡಿದಾಗ ಅವರ ತಂಡ ದಕ್ಷಿಣ ಕೊರಿಯವನ್ನು 1–0 ಅಂತರದಿಂದ ಗೆದ್ದಿತು. ವಸ್ತ್ರದಿಂದ ಯಾರ ಕತ್ತಿಗೂ ಉರುಳು ಬೀಳಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾದೀತು. ಬಿಚ್ಚೆಂಬ ಬಲಾತ್ಕಾರವಿರುವಂತೆ ತೊಡೆಂಬ ಬಲಾತ್ಕಾರವೂ ಇದೆ. ನಮ್ಮ ಶೂಟಿಂಗ್ ಪಟು ಹೀನಾ ಸಿಧು 2016ರಲ್ಲಿ ಟೆಹರಾನಿನ ಸ್ಪರ್ಧೆಯಿಂದ ಹಿಂದೆ ಸರಿದರು. ಚದುರಂಗ ಪಟು ಸೌಮ್ಯಾ ಸ್ವಾಮಿನಾಥನ್ 2018ರಲ್ಲಿ ಇರಾನಿನ ಹಮದಾನ್‌ಗೆ ಹೋಗಲು ಒಪ್ಪಲಿಲ್ಲ. ಅಲ್ಲಿ ಶಿರೋವಸ್ತ್ರ ಕಡ್ಡಾಯವೆಂಬುದೇ ಇಬ್ಬರಿಗೂ ಕಾರಣ. ಅತ್ತ ಯುರೋಪಿನಲ್ಲಿ, 2021ರಲ್ಲಿ, ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಣ್ಣುಮಕ್ಕಳು ನಿಗದಿಯಾದ ಕಿರಿದಾದ ಉಡುಪನ್ನು ಬಿಟ್ಟು ಚಡ್ಡಿ ತೊಟ್ಟು ಆಡಿದ್ದಕ್ಕೆ 1,500 ಯೂರೋ ದಂಡ ವಿಧಿಸಲಾಯಿತು. ಅವರದು ಧರ್ಮದ ಕಾರಣವೂ ಅಲ್ಲ, ಸ್ವಾಭಿಮಾನದ ಕಾರಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇತರ ದೇಶದ ಮಹಿಳೆಯರು ತಲೆ ಮುಚ್ಚಿ ಆಡಬಹುದಾಗಿತ್ತು. ಅತಿಥೇಯ ಫ್ರಾನ್ಸಿನ ಹೆಣ್ಣುಮಕ್ಕಳಿಗೆ ಮಾತ್ರ ಆ ಅನುಮತಿಯಿರಲಿಲ್ಲ. ಒಂದೆಡೆ ಮುಚ್ಚು, ಒಂದೆಡೆ ಬಿಚ್ಚು, ಮತ್ತೊಂದೆಡೆ ಇಷ್ಟಕ್ಕಿಂತ ಹೆಚ್ಚು ಮುಚ್ಚಬೇಡ! ಆಜ್ಞೆಗಳು ಬೇರೆಬೇರೆಯಾದರೂ ಒಂದು ಲಕ್ಷಣ ಎಲ್ಲಕ್ಕೂ ಸಮಾನ: ತೊಡುವವಳ ಮನಸ್ಸನ್ನು ಯಾವುದೂ ಕೇಳುವುದಿಲ್ಲ.

ಕಲ್ಯಾಣದ ಅನುಭವಮಂಟಪಕ್ಕೆ ಅಕ್ಕಮಹಾದೇವಿ ಬಂದ ಪ್ರಸಂಗವನ್ನು ನಮ್ಮ ಓದುಗರು ಶೂನ್ಯಸಂಪಾದನೆಯಲ್ಲಿ ಬಲ್ಲರು. ಉಡುಗೆಯನ್ನೇ ತೊರೆದವಳು ಕೇಶದಿಂದ ಮೈಯನ್ನು ಮರೆಮಾಡಿದುದೇಕೆಂದು ಅಲ್ಲಮಪ್ರಭುಗಳು ನಿಷ್ಠುರವಾಗಿ ಪ್ರಶ್ನಿಸಿದರು. ತನಗೆ ನಾಚಿಕೆಯೆಂದಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಭಾವದಲ್ಲಿ ಅಕ್ಕ ಉತ್ತರಿಸಿದಳು. ತೊರೆದದ್ದೂ ಅವಳ ನಿರ್ಣಯ, ಮರೆಮಾಡಿದ್ದೂ ಅವಳ ನಿರ್ಣಯ. ಪ್ರಭುಗಳು ಅವಳಿಂದ ಕಾರಣವನ್ನು ಕೇಳಿದರೇ ಹೊರತು ಹೀಗೆ ತೊಡು, ಹೀಗೆ ಬಿಡು ಎಂದು ವಿಧಿಸಲಿಲ್ಲ. ಶರಣಧರ್ಮದ ಮರ್ಯಾದೆ ಇರುವುದು ಇಲ್ಲಿ. ನಮ್ಮ ಸೀಮೆಯ ಮನೆಗಳಲ್ಲಿಯೂ ತಾಯಂದಿರು ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಹೊದೆಯುವ ಪದ್ಧತಿಯುಂಟು. ಪ್ರೀತಿಯಿಂದ ಹೊದ್ದರೆ ಅದು ಗೌರವ. ಗದರಿಕೆಗೆ ಅಂಜಿ ಹೊದ್ದರೆ ಕೇವಲ ಭಾರ. ಬಟ್ಟೆ ಅದೇ, ಭಾವ ಬೇರೆ.

"ಆ ಹುಡುಗಿ ಮನೆಯವರ ಒತ್ತಾಯಕ್ಕೆ ಕಟ್ಟಿಕೊಂಡಿದ್ದರೆ?" ಎಂದು ನಮ್ಮ ಆತ್ಮೀಯ ಪ್ರಾಧ್ಯಾಪಕರೊಬ್ಬರು ಕೇಳಿದರು. ಪ್ರಶ್ನೆ ಉಚಿತವಾದುದೇ. ಹದಿಮೂರು ಹದಿನಾಲ್ಕರ ಮಗುವಿನ ವಿಷಯದಲ್ಲಿ ಸ್ವಂತ ಇಚ್ಛೆ ಎಲ್ಲಿ ಮುಗಿಯುತ್ತದೆ, ಮನೆಯ ಮಾತು ಎಲ್ಲಿ ತೊಡಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ಲಿಂಗಧಾರಣೆ ಮಾಡಿಸಿಕೊಂಡಾಗ ನಾವೂ ಬಾಲಕರೇ ಅಲ್ಲವೆ? ಆದರೆ ಒಂದು ಮಾತು ನಿಶ್ಚಯ. ಮೈದಾನದಿಂದ ಹೊರಹಾಕಿದ ಹುಡುಗಿ ಸ್ವಾತಂತ್ರ್ಯದ ಕಡೆಗೆ ನಡೆಯುವುದಿಲ್ಲ, ಮನೆಯ ಕಡೆಗೆ ನಡೆಯುತ್ತಾಳೆ. ಒತ್ತಾಯವಿದ್ದರೆ ಅದು ಇರುವುದೂ ಅಲ್ಲಿಯೇ. ಓಡಿ ಗೆದ್ದವಳಿಗೆ ಮುಂದೊಂದು ದಿನ ತನ್ನ ಬಟ್ಟೆಯ ಬಗೆಗೆ ತಾನೇ ನಿರ್ಣಯಿಸುವ ಧೈರ್ಯ ಬಂದೀತು. ಓಡಲು ಬಿಡದವಳಿಗೆ ಅದೆಲ್ಲಿಂದ ಬರಬೇಕು? ತರಗತಿಯ ಸಮವಸ್ತ್ರದ ವಿವಾದ ಬೇರೆ; 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳೇ ಅದರಲ್ಲಿ ಭಿನ್ನಾಭಿಪ್ರಾಯ ತಳೆದರು. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನಮ್ಮ ಮಾತು ಆಟದ ಅಂಗಳಕ್ಕೆ ಸೀಮಿತ.

ಈಗ ನಮ್ಮ ಶಾಲೆಯ ದೈಹಿಕ ಶಿಕ್ಷಕರಿಗೆ ಎರಡೇ ಪ್ರಶ್ನೆಗಳನ್ನು ಕೇಳಲು ತಿಳಿಸಿದ್ದೇವೆ. ಇದರಿಂದ ಯಾರಿಗಾದರೂ ಪೆಟ್ಟಾದೀತೆ? ಇದರಿಂದ ಯಾರಿಗಾದರೂ ಅನ್ಯಾಯದ ಲಾಭವಾದೀತೆ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಮೂರನೆಯ ಪ್ರಶ್ನೆ ಬೇಡ. ಪೆಟ್ಟಾಗುವಂತಿದ್ದರೆ ಮಗುವನ್ನು ಹೊರಗಿಡುವ ಮೊದಲು ಕಟ್ಟುವ ಬಗೆಯನ್ನು ಬದಲಿಸಿ ನೋಡಬೇಕು. ಪಿನ್ನು ಬೇಡ, ನೇತಾಡುವ ತುದಿ ಬೇಡ, ಬಿಗಿಯಾದ ಮೆತ್ತನೆಯ ವಸ್ತ್ರ ಸಾಕು. ಉಡುಪು ಕಿರಿದೆಂದು ಹಿಂಜರಿಯುವ ನಮ್ಮ ಲಿಂಗವಂತರ ಹೆಣ್ಣುಮಕ್ಕಳಿಗೂ ಇದೇ ನ್ಯಾಯ.

ಹತ್ತನೆಯ ತರಗತಿ ಮುಗಿಸಿ, ಶಾಲೆ ಬಿಟ್ಟ ಪ್ರಮಾಣಪತ್ರಕ್ಕಾಗಿ ಆ ಹುಡುಗಿ ತಾಯಿಯೊಡನೆ ಬಂದಿದ್ದಳು. ಅವಳನ್ನು ಕರೆಸಿ, "ಅಂದು ನಾವು ವಿಚಾರಿಸದೆ ಮಾತನಾಡಿದೆವು, ತಂಗೀ. ತಪ್ಪು ನಮ್ಮದು" ಎಂದೆವು. ಅವಳು ನೆಲ ನೋಡುತ್ತ ನಿಂತಳು. "ಇನ್ನೂ ಓಡುತ್ತೀಯಾ?" ಎಂದು ಕೇಳಿದೆವು. "ಈಗ ರೂಢಿ ತಪ್ಪೇದ್ರಿ, ಅಜ್ಜಾರ" ಎಂದಳು. ದೂರಿನ ಧ್ವನಿಯೇನೂ ಅದರಲ್ಲಿರಲಿಲ್ಲ. ಅವಳ ತಾಯಿ ಸೆರಗನ್ನು ತಲೆಯ ಮೇಲೆಳೆದುಕೊಂಡು ನಮಸ್ಕರಿಸಿದಳು. ತಾಯಿ ಮಗಳಿಬ್ಬರೂ ಹೊರಟುಹೋದರು.

ಸದ್ಭಕ್ತರೆ, ಅಧಿಕಾರದಲ್ಲಿ ಕುಳಿತವರು ತಲೆ ಎತ್ತದೆ ಆಡುವ ಒಂದು ಮಾತಿನ ಬೆಲೆ ಇಷ್ಟು. "ಯಾಕ ಬ್ಯಾಡ ಅಂದ್ರು, ಕೇಳಿದ್ಯಾ?" ಎಂದು ನಮ್ಮ ಗುರುಗಳು ಕೇಳಿದ್ದನ್ನು, ಇನ್ನೊಬ್ಬರಿಗೆ ಬೇಡವೆನ್ನುವ ಮುನ್ನ ನಮಗೆ ನಾವೇ ಕೇಳಿಕೊಳ್ಳುವಂತಾಗಲಿ.