ಸಂಬಳವಿಲ್ಲದ ಲೆಫ್ಟ್ ಬ್ಯಾಕ್

2012ರ ಆಗಸ್ಟ್‌ನಲ್ಲಿ ಗ್ಲಾಸ್ಗೋದ ಹದಿನೆಂಟರ ಹುಡುಗನೊಬ್ಬ ಟ್ವಿಟರ್‌ನಲ್ಲಿ ಗೊಣಗಿದ್ದ: ಈ ವಯಸ್ಸಲ್ಲಿ ಕೈಯಲ್ಲಿ ಕಾಸಿಲ್ಲದೆ ಬದುಕೋದು ದರಿದ್ರ, ಒಂದು ಕೆಲಸ ಬೇಕು ಅಂತ. ಹೆಸರು ಆಂಡಿ ರಾಬರ್ಟ್‌ಸನ್. ಏಳು ವರ್ಷ ತುಂಬುವ ಮೊದಲೇ, 2019ರ ಜೂನ್ 1ರಂದು, ಅದೇ ಹುಡುಗ ಮ್ಯಾಡ್ರಿಡ್‌ನಲ್ಲಿ ಲಿವರ್‌ಪೂಲ್ ಪರ ಆಡಿ ಚಾಂಪಿಯನ್ಸ್ ಲೀಗ್ ಗೆದ್ದ. ಫುಟ್‌ಬಾಲ್ ನೋಡದವರೂ ಆ ಟ್ವೀಟ್ ನೋಡಿರ್ತಾರೆ. ಲಿಂಕ್ಡ್‌ಇನ್‌ನಲ್ಲಿ ಆಗಾಗ ತೇಲಿಬರುತ್ತೆ, ಕೆಳಗೆ "ಛಲ ಬಿಡಬೇಡಿ" ಅನ್ನೋ ಉಪದೇಶದ ಜೊತೆ.

ನಾನು ರಾಬರ್ಟ್‌ಸನ್ ಅಭಿಮಾನಿ. ಆದರೂ ಆ ಪೋಸ್ಟ್ ಕಂಡಾಗಲೆಲ್ಲ ಕಿರಿಕಿರಿ ಆಗುತ್ತೆ. ಟ್ವೀಟಿಗೂ ಕಪ್ಪಿಗೂ ನಡುವೆ ಏನೇನಿತ್ತು ಅನ್ನೋದನ್ನ ಅದು ಪೂರ್ತಿ ನುಂಗಿಬಿಡುತ್ತೆ.

ರಾಬರ್ಟ್‌ಸನ್ ಚಿಕ್ಕಂದಿನಿಂದ ಸೆಲ್ಟಿಕ್ ಅಭಿಮಾನಿ. ಆ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಹದಿನೈದನೇ ವಯಸ್ಸಿನಲ್ಲಿ ಅವರು ಕೈಬಿಟ್ಟರು. ಹುಡುಗ ಗಿಡ್ಡ, ಮೈಕಟ್ಟು ಸಾಲದು ಅನ್ನೋದು ಕಾರಣ. ಅಲ್ಲಿಂದ ಅವನು ಹೋಗಿ ಸೇರಿದ್ದು ಕ್ವೀನ್ಸ್ ಪಾರ್ಕ್‌ಗೆ.

ಈ ಕ್ಲಬ್ಬಿನ ಬಗ್ಗೆ ಸ್ವಲ್ಪ ಹೇಳಲೇಬೇಕು. 1867ರಲ್ಲಿ ಶುರುವಾದ ಇದು ಸ್ಕಾಟ್ಲೆಂಡಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್. 1872ರಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ ಸ್ಕಾಟ್ಲೆಂಡಿನ ಹನ್ನೊಂದೂ ಜನ ಇದೇ ಕ್ಲಬ್ಬಿನವರು. ಆಟಕ್ಕಾಗಿ ಆಟ ಅನ್ನೋದು ಇವರ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ. ಅದಕ್ಕೆ ತಕ್ಕ ಹಾಗೆ ಆಗ ಆಟಗಾರರಿಗೆ ಸಂಬಳವೇ ಇರಲಿಲ್ಲ. ರಾಬರ್ಟ್‌ಸನ್ ಸೇರಿದಾಗ ಕ್ಲಬ್ ಇದ್ದದ್ದು ಸ್ಕಾಟಿಷ್ ಲೀಗಿನ ಕಟ್ಟಕಡೆಯ ದರ್ಜೆಯಲ್ಲಿ. ತಮಾಷೆ ಅಂದ್ರೆ, ಇವರ ಮೈದಾನ ಮಾತ್ರ ಹ್ಯಾಂಪ್ಡನ್. ಐವತ್ತು ಸಾವಿರ ಜನ ಕೂರುವ ರಾಷ್ಟ್ರೀಯ ಸ್ಟೇಡಿಯಂ. ಮಾಮೂಲಿ ಶನಿವಾರ ಅಲ್ಲಿ ಕೆಲವು ನೂರು ಜನ ಚದುರಿ ಕೂತಿರ್ತಿದ್ದರು.

ರಾಬರ್ಟ್‌ಸನ್ ಅಲ್ಲೇ ಆಡಿದ, ಅಲ್ಲೇ ಟಿಕೆಟ್ ಕೇಳುವವರ ಫೋನ್ ಎತ್ತುವ ಕೆಲಸವನ್ನೂ ಮಾಡಿದ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯಲ್ಲೂ ದುಡಿದ. ಇನ್ನೊಂದು ವರ್ಷ ಪ್ರಯತ್ನ ಮಾಡು, ಆಗದಿದ್ದರೆ ಯೂನಿವರ್ಸಿಟಿ ಸೇರಿದರಾಯ್ತು ಅಂತ ಮನೆಯಲ್ಲಿ ಬೆನ್ನಿಗೆ ನಿಂತರು. ಅದೃಷ್ಟವೂ ಒಂದು ಕೈ ಕೊಟ್ಟಿತು: ದಿವಾಳಿಯೆದ್ದ ರೇಂಜರ್ಸ್ ಕ್ಲಬ್ ಅದೇ ವರ್ಷ ಅದೇ ದರ್ಜೆಗೆ ಬಂದು ಬಿತ್ತು. ಯಾರೂ ನೋಡದ ಲೀಗನ್ನು ಇಡೀ ದೇಶ ತಿರುಗಿ ನೋಡೋ ಹಾಗಾಯ್ತು.

ಆಮೇಲಿನದು ಬೇಗ ಬೇಗ ನಡೆಯಿತು. 2013ರಲ್ಲಿ ಡಂಡೀ ಯುನೈಟೆಡ್, ಮರುವರ್ಷವೇ ಸ್ಕಾಟ್ಲೆಂಡ್ ತಂಡ, ಇಂಗ್ಲೆಂಡಿನ ಹಲ್ ಸಿಟಿ. ಹಲ್‌ನಲ್ಲಿ ಮೂರು ಸೀಸನ್ನಿನಲ್ಲಿ ಎರಡು ಸಲ ತಂಡ ಕೆಳಗಿನ ದರ್ಜೆಗೆ ಜಾರಿತು. 2017ರಲ್ಲಿ ಲಿವರ್‌ಪೂಲ್ ಕರೆಯಿತು, ಕರೆದು ಮೊದಲ ಕೆಲವು ತಿಂಗಳು ಹೆಚ್ಚಾಗಿ ಬೆಂಚಿನಲ್ಲೇ ಕೂರಿಸಿತು. ಡಿಸೆಂಬರ್‌ನಲ್ಲಿ ಆಲ್ಬರ್ಟೋ ಮೊರೆನೋಗೆ ಗಾಯ ಆದ ಮೇಲೆ ಜಾಗ ಸಿಕ್ಕಿತು.

2018ರ ಜನವರಿ 14ರ ಮ್ಯಾಂಚೆಸ್ಟರ್ ಸಿಟಿ ಪಂದ್ಯದ ಒಂದು ಕ್ಲಿಪ್ ಯೂಟ್ಯೂಬಿನಲ್ಲಿದೆ, ಹುಡುಕಿ ನೋಡಿ. ಲಿವರ್‌ಪೂಲ್ 4-1 ಮುಂದಿದೆ. ಲೆಫ್ಟ್ ಬ್ಯಾಕ್ ಆದವನು ತನ್ನ ಜಾಗ ಬಿಟ್ಟು ಚೆಂಡಿನ ಹಿಂದೆ ಓಡ್ತಾನೆ. ಒಬ್ಬ ಪಾಸ್ ಮಾಡಿದರೆ ಇನ್ನೊಬ್ಬನ ಮೇಲೆ, ಅವನು ಮಾಡಿದರೆ ಮತ್ತೊಬ್ಬನ ಮೇಲೆ, ಕೊನೆಗೆ ಎದುರಾಳಿ ಗೋಲ್‌ಕೀಪರ್ ತನಕ. ಚೆಂಡು ಸಿಗಲಿಲ್ಲ, ಓಟ ಫೌಲ್‌ನಲ್ಲಿ ಮುಗಿಯಿತು. ಆದರೂ ಆನ್‌ಫೀಲ್ಡ್ ಅವನನ್ನ ತನ್ನವನು ಅಂತ ಒಪ್ಪಿಕೊಂಡಿದ್ದು ಆ ಓಟಕ್ಕೆ. ಕೆಲವು ನೂರು ಜನರ ಮುಂದೆ ಪುಕ್ಕಟೆ ಆಡಿ ಬಂದವನ ಓಟ ಹೀಗೇ ಇರುತ್ತೇನೋ ಅಂತ ನನಗೆ ಅನ್ನಿಸುತ್ತೆ.

ಇಷ್ಟು ಹೇಳಿದ ಮೇಲೆ ನನ್ನ ಕಿರಿಕಿರಿಗೆ ಬರ್ತೀನಿ. ಹೋದ ವರ್ಷ ನನ್ನ ಗೆಳೆಯನೊಬ್ಬನಿಗೆ ಲೇಆಫ್ ಆಯ್ತು. ಹದಿನೈದು ನಿಮಿಷದ ವಿಡಿಯೋ ಕಾಲ್, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಅವನಿಗೆ ಧೈರ್ಯ ಹೇಳೋಕೆ ಇದೇ ಟ್ವೀಟ್ ಹಾಕಿದರು. ಅವನು ಅವತ್ತು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಫೋನಿನಲ್ಲಿ ಕೇಳಿದ: "ಅಲ್ಲ ಮಗಾ, ಆ ಹುಡುಗನಿಗೆ ಹೋಗಿ ಆಡೋಕೆ ಇನ್ನೊಂದು ಕ್ಲಬ್ ಆದ್ರೂ ಇತ್ತು. ಛಲ ನಂಗೂ ಇದೆ. ಗ್ರೌಂಡ್ ಎಲ್ಲಿದೆ ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೆಲ್ಟಿಕ್‌ನಂಥ ಅಕಾಡೆಮಿಗಳು ಪ್ರತಿ ವರ್ಷ ಹುಡುಗರನ್ನ ಕೈಬಿಡುತ್ತವೆ. ಅವರಲ್ಲಿ ಹೆಚ್ಚಿನವರ ಹೆಸರು ನಾವು ಯಾವತ್ತೂ ಕೇಳೋದಿಲ್ಲ. ಅವರಿಗೆಲ್ಲ ಛಲ ಕಮ್ಮಿ ಇತ್ತು ಅಂತ ಹೇಳೋಕಾಗುತ್ತಾ? ದೊಡ್ಡವರು ಬೇಡ ಅಂದವನನ್ನ ಬಾ, ಆಡು ಅಂತ ಕರೆಯೋ ಒಂದು ಜಾಗ ಬೇಕು. ಆ ಒಂದು ವರ್ಷ ಊಟಕ್ಕೆ ತೊಂದರೆ ಆಗದಂಥ ಮನೆ ಬೇಕು. ಛಲದ ಲೆಕ್ಕ ಅದಾದ ಮೇಲೆ.

ಆ ಜಾಗಕ್ಕೆ ಸಿಕ್ಕಿದ್ದೇನು ಅನ್ನೋದೂ ಕೇಳಬೇಕಾದ ಕತೆಯೇ. ಅಮೆಚೂರ್ ಆಟಗಾರನಿಗೆ ವೃತ್ತಿಪರ ಒಪ್ಪಂದ ಇಲ್ಲ, ಹಾಗಾಗಿ ಅವನು ಬಿಟ್ಟು ಹೋದಾಗ ಕ್ಲಬ್ಬಿಗೆ ವರ್ಗಾವಣೆ ಶುಲ್ಕವೂ ಇಲ್ಲ. ಬೆಳೆಸಿದ ಹುಡುಗರೆಲ್ಲ ಹೀಗೆ ಬರಿಗೈಯಲ್ಲಿ ಬಿಟ್ಟು ಹೋಗೋದು ನೋಡಿ ಸಾಕಾಗಿ, 2019ರಲ್ಲಿ ಕ್ವೀನ್ಸ್ ಪಾರ್ಕ್ ಸದಸ್ಯರು ಸಂಬಳ ಕೊಡೋಣ ಅಂತ ವೋಟು ಹಾಕಿದರು. ನೂರೈವತ್ತು ವರ್ಷಕ್ಕೂ ಹಳೆಯ ನಿಯಮ ಅಲ್ಲಿಗೆ ಮುಗಿಯಿತು. ಹ್ಯಾಂಪ್ಡನ್ನನ್ನೂ ದೇಶದ ಫುಟ್‌ಬಾಲ್ ಸಂಸ್ಥೆಗೆ ಮಾರಿದರು. 2025ರ ನವೆಂಬರ್ 18ರಂದು ಅದೇ ಹ್ಯಾಂಪ್ಡನ್‌ನಲ್ಲಿ ಸ್ಕಾಟ್ಲೆಂಡ್ 4-2ರಿಂದ ಡೆನ್ಮಾರ್ಕ್ ಸೋಲಿಸಿ, 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಕ್ಯಾಪ್ಟನ್ ಯಾರು ಅಂತ ಬೇರೆ ಹೇಳಬೇಕಿಲ್ಲ.

ನಮ್ಮಲ್ಲಿ ಎಷ್ಟೋ ಜನ ಈಗ ಇಂಟರ್‌ವ್ಯೂ ಮಾಡೋ ಕಡೆಯ ಕುರ್ಚಿಯಲ್ಲಿ ಕೂರ್ತೀವಿ. ಎಂಟು ತಿಂಗಳು ಗ್ಯಾಪ್ ಕಂಡ ಕೂಡಲೇ ರೆಸ್ಯೂಮೆ ಪಕ್ಕಕ್ಕೆ ಸರಿಸೋರು ನಾವೇ, ಸಂಜೆ ಆ ಟ್ವೀಟಿಗೆ ಲೈಕ್ ಒತ್ತೋರೂ ನಾವೇ. ಗೆಳೆಯನ ಫೋನ್ ಬಂದ ರಾತ್ರಿ ನಾನು ಅವನ ರೆಸ್ಯೂಮೆಯನ್ನ ಪರಿಚಯದ ನಾಲ್ಕು ಜನಕ್ಕೆ ಕಳಿಸಿದೆ. ಮೂವರಿಂದ ಉತ್ತರವಿಲ್ಲ. ನಾಲ್ಕನೆಯವರದು ಹನ್ನೆರಡು ಜನರ ಪುಟ್ಟ ಆಫೀಸು, ಸಂಬಳ ಮೊದಲಿನ ಅರ್ಧ. ಸೋಮವಾರ ಬಾ ಅಂದರು.